೧೯೪೫ರ ಬಸವನಗುಡಿ: ರಾಜ್ಯ, ಶಾಂತಿ, ವಿದ್ಯೆಗಳನ್ನು ಕುರಿತ ಯುದ್ಧೋತ್ತರ ಜಿಜ್ಞಾಸೆ

೧

ಕ್ರಿ. ಶ. ೧೯೪೫ನೆಯ ವರ್ಷವು ಪ್ರಪಂಚದ ಇತಿಹಾಸದಲ್ಲಿ ಒಂದು ಯುಗಸಂಧಿ. ಆಗಸ್ಟ್ ೬ರಂದು ಹಿರೋಶಿಮಾ, ೯ರಂದು ನಾಗಸಾಕಿ, ೧೫ರಂದು ಜಪಾನಿನ ಚಕ್ರವರ್ತಿಯ ಶರಣಾಗತಿ ಘೋಷಣೆ: ಈ ದಿನಾಂಕಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಆದರೆ ಇವುಗಳ ನಡುವೆ, ಆಗಸ್ಟ್ ೧೧ರಂದು, ಬೆಂಗಳೂರಿನ ಬಸವನಗುಡಿಯಲ್ಲಿ ವಿಶ್ವಭ್ರಾತೃತ್ವವನ್ನೇ ಧ್ಯೇಯವಾಗಿಟ್ಟುಕೊಂಡ ಒಂದು ಸಂಸ್ಥೆ ಜನ್ಮ ತಾಳಿತೆಂಬುದನ್ನು ಬಲ್ಲವರು ವಿರಳ. ಬಿ. ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು ಸ್ಥಾಪಿಸಿದ ಆ ಸಂಸ್ಥೆಯೇ ಇಂದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಅದೇ ವರ್ಷದ ಆರಂಭದಲ್ಲಿ, ಅಲ್ಲಿಂದ ಬಹುದೂರವಲ್ಲದ ನರಸಿಂಹರಾಜ ಕಾಲೊನಿಯ ಪರಿಸರದಲ್ಲಿ, ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರು. ಅದೇ ವರ್ಷ, ಅದೇ ಬಡಾವಣೆಯಲ್ಲಿ, ನ್ಯಾಷನಲ್ ಕಾಲೇಜು ಆರಂಭವಾಯಿತು.

ಒಂದೇ ವರ್ಷದಲ್ಲಿ, ಕಾಲ್ನಡಿಗೆಯ ಅಂತರದಲ್ಲಿ, ಮೂರು ಸಂಸ್ಥೆಗಳು. ಮೊದಲನೆಯದರ ಮುಖ್ಯ ಚಿಂತೆ ಶಾಂತಿ; ಎರಡನೆಯದರದು ರಾಜ್ಯನೀತಿ; ಮೂರನೆಯದರದು ವಿದ್ಯೆ. ಇವು ಒಂದು ಯೋಜನೆಯ ಅಂಗಗಳಾಗಿರಲಿಲ್ಲ. ಸ್ಥಾಪಕರ ಮನೋಧರ್ಮಗಳೂ ಬೇರೆ ಬೇರೆ. ಆದರೂ ಒಂದೇ ಪ್ರಶ್ನೆ ಮೂರೂ ಕಡೆ ಬೇರೆ ಬೇರೆ ರೂಪಗಳಲ್ಲಿ ಎದ್ದು ನಿಂತಿತ್ತು. ಯುದ್ಧದಲ್ಲಿ ನಾಗರಿಕತೆಯೇ ತನ್ನ ಮೇಲಿಟ್ಟಿದ್ದ ನಂಬಿಕೆಯನ್ನು ಕಳೆದುಕೊಂಡಿತ್ತು; ಇತ್ತ ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿತ್ತು. ಇಂಥ ಸಮಯದಲ್ಲಿ ಅಧಿಕಾರವಿಲ್ಲದ ವಿದ್ಯಾವಂತನು ಮಾಡಬೇಕಾದ ಕೆಲಸ ಯಾವುದು?

ಈ ಪ್ರಶ್ನೆಯನ್ನು ಅದೇ ಕಾಲದಲ್ಲಿ ಅತ್ಯಂತ ತೀವ್ರವಾಗಿ ಎತ್ತಿದವರು ಜಪಾನಿನ ವಿಚಾರವಂತರು. ಆದುದರಿಂದ ಬಸವನಗುಡಿಯ ಈ ಮೂರು ವೇದಿಕೆಗಳನ್ನು ಜಪಾನಿನ ಯುದ್ಧೋತ್ತರ ವಾಗ್ವಾದಗಳ ಬಳಿಯಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾವು ವಾದಿಸುವುದಿಲ್ಲ. ಎರಡು ದೀಪಗಳನ್ನು ಬಳಿಬಳಿಯಲ್ಲಿ ಇಟ್ಟಾಗ ಒಂದರ ಬುಡದ ಕತ್ತಲೆ ಮತ್ತೊಂದರ ಬೆಳಕಿನಿಂದ ಕಾಣುತ್ತದೆ; ಹೋಲಿಕೆಯಿಂದ ನಾವು ಅಪೇಕ್ಷಿಸುವ ಪ್ರಯೋಜನ ಅಷ್ಟೇ.

೨

ಮೊದಲು ಸ್ಥಳದ ವಿಷಯ. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಕ್ಕೆ ಅಟ್ಟಿತು. ಅವರಿಗಾಗಿ ಬೆಳೆದ ಬಡಾವಣೆಗಳಲ್ಲಿ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಪ್ರಮುಖವಾದವು. ವಕೀಲರು, ಉಪಾಧ್ಯಾಯರು, ಸರ್ಕಾರಿ ನೌಕರರು, ಪತ್ರಿಕೋದ್ಯಮಿಗಳು ಇಲ್ಲಿ ನೆಲೆಸಿದರು. ಹೀಗೆ ದಕ್ಷಿಣ ಬೆಂಗಳೂರಿಗೆ ಓದುಬರಹ ಬಲ್ಲ ಮಧ್ಯಮ ವರ್ಗವೊಂದು ಆರಂಭದಿಂದಲೇ ದೊರೆಯಿತು. ಉಪನ್ಯಾಸಕ್ಕೆ ಶ್ರೋತೃಗಳೂ ವಾಚನಾಲಯಕ್ಕೆ ಓದುಗರೂ ಇಲ್ಲಿ ಸುಲಭವಾಗಿ ಸಿಕ್ಕಿದ್ದರ ಕಾರಣ ಇದೇ. ಆ ಶ್ರೋತೃವರ್ಗದ ಮಿತಿಗೆ ಕಾರಣವೂ ಇದೇ ಎಂಬುದನ್ನು ಮುಂದೆ ನೋಡುವೆವು.

೧೯೪೫ ನಗರದ ಆಡಳಿತದ ದೃಷ್ಟಿಯಿಂದಲೂ ಮುಖ್ಯ ವರ್ಷ. ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಆ ವರ್ಷವೇ ರಚಿತವಾಯಿತು. ಮೂರು ವರ್ಷಗಳ ತರುವಾಯ, ೧೯೪೮ರಲ್ಲಿ, ಬಸವನಗುಡಿಗೂ ಲಾಲ್‌ಬಾಗಿಗೂ ದಕ್ಷಿಣದಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಅದನ್ನು ನೆರವೇರಿಸಿದವರು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು. ಆ ಸಂದರ್ಭದ ಸ್ಮಾರಕವಾಗಿ ನಿಂತಿರುವುದು ಅಶೋಕಸ್ತಂಭ. ಕಳಿಂಗಯುದ್ಧದ ತರುವಾಯ ಪಶ್ಚಾತ್ತಾಪಪಟ್ಟ ಚಕ್ರವರ್ತಿಯ ಲಾಂಛನವನ್ನು, ಮಹಾಯುದ್ಧ ಮುಗಿದ ಮೂರು ವರ್ಷಗಳಲ್ಲಿ, ಹೊಸ ಬಡಾವಣೆಯ ಹೆಬ್ಬಾಗಿಲಲ್ಲಿ ನೆಟ್ಟರು. ಇಂದು ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಸಾವಿರಾರು ಜನ ದಿನವೂ ಅದನ್ನು ಬಳಸಿ ಹೋಗುತ್ತಾರೆ. ಬಹುಮಂದಿಗೆ ಅದು ಬಸ್ಸು ನಿಲ್ಲುವ ಸ್ಥಳದ ಹೆಸರು ಮಾತ್ರ. ಸ್ತಂಭವನ್ನು ನೆಟ್ಟವರಿಗೆ ಅದೊಂದು ವಾಕ್ಯವಾಗಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

೩

ಇನ್ನು ರಾಜ್ಯನೀತಿಯ ಜಿಜ್ಞಾಸೆ. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ, ೧೯೪೬ರ ಜನವರಿಯಲ್ಲಿ, ಟೋಕಿಯೋದಲ್ಲಿ 'ಸೆಕಾಯಿ' ಎಂಬ ಮಾಸಪತ್ರಿಕೆ ಹೊರಟಿತು. ಆ ಹೆಸರಿಗೆ 'ಜಗತ್ತು' ಎಂದರ್ಥ. ಅದೇ ವರ್ಷದ ಮೇ ಸಂಚಿಕೆಯಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ತರುಣ ರಾಜ್ಯಶಾಸ್ತ್ರಜ್ಞ ಮಾರುಯಾಮಾ ಮಸಾವೊ ಜಪಾನಿನ ಅತಿರಾಷ್ಟ್ರೀಯತೆಯ ತರ್ಕವನ್ನೂ ಮನಶ್ಶಾಸ್ತ್ರವನ್ನೂ ವಿಶ್ಲೇಷಿಸುವ ಪ್ರಬಂಧವನ್ನು ಪ್ರಕಟಿಸಿದನು. ಅದರ ಮುಖ್ಯ ವಿಚಾರವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಜಪಾನನ್ನು ಯುದ್ಧಕ್ಕೆ ನೂಕಿದವರಲ್ಲಿ ತಾನು ನೂಕಿದೆನೆಂದು ಒಪ್ಪುವವನೊಬ್ಬನೂ ಇಲ್ಲ. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಅಧಿಕಾರವು ಮೇಲಿನಿಂದ ಬಂದುದೆಂದು ಭಾವಿಸಿದನು. ಮೇಲಿನವನು ತನಗಿಂತ ಮೇಲಿನವನನ್ನು ನೋಡಿದನು. ಕಟ್ಟಕಡೆಗೆ ಚಕ್ರವರ್ತಿಯು ತನ್ನ ಪೂರ್ವಿಕರತ್ತ ನೋಡಿದನು. ಒಳ್ಳೆಯದು ಕೆಟ್ಟದ್ದರ ನಿರ್ಣಯವನ್ನೇ ರಾಜ್ಯಕ್ಕೆ ಒಪ್ಪಿಸಿದ ಸಮಾಜದಲ್ಲಿ ಹೊಣೆ ಹೊರುವ ವ್ಯಕ್ತಿ ಹುಟ್ಟುವುದೇ ಇಲ್ಲ.

ಈ ವಿಶ್ಲೇಷಣೆಗೆ ಸಂವಿಧಾನದ ಭಾಷೆಯಲ್ಲಿಯೂ ಒಂದು ಪ್ರತಿರೂಪವಿದೆ. ೧೮೮೯ರ ಮೇಜಿ ಸಂವಿಧಾನವು ಜಪಾನಿನ ಜನರನ್ನು 'ಶಿನ್‌ಮಿನ್' ಎಂದು ಕರೆಯಿತು: ಅರಸನ ಅಧೀನರು. ೧೯೪೭ರ ಮೇ ೩ರಂದು ಜಾರಿಗೆ ಬಂದ ಹೊಸ ಸಂವಿಧಾನದಲ್ಲಿ ಅದು 'ಕೊಕುಮಿನ್' ಆಯಿತು: ರಾಷ್ಟ್ರದ ಜನರು. ಚಕ್ರವರ್ತಿಯು ಸಾರ್ವಭೌಮತ್ವವನ್ನು ಬಿಟ್ಟು ಲಾಂಛನವಾಗಿ ಉಳಿದನು. ಪದ ಬದಲಾಯಿತು, ಮನಸ್ಸು ಬದಲಾಯಿತೇ? ಮಾರುಯಾಮಾನ ತಲೆಮಾರಿನ ವಾಗ್ವಾದಗಳೆಲ್ಲ ಈ ಪ್ರಶ್ನೆಯ ಸುತ್ತ ಸುತ್ತಿದವು.

ಮೈಸೂರಿನ ಸ್ಥಿತಿ ಇದಕ್ಕೆ ಬಹಳ ದೂರವಾಗಿರಲಿಲ್ಲ. ಅದೇ ೧೯೪೭ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರ ಏರ್ಪಟ್ಟಿತು. ಮಹಾರಾಜರು ತರುವಾಯ ರಾಜಪ್ರಮುಖರಾದರು. ಆದರೆ ನಮ್ಮಲ್ಲಿ ಪದ ಬದಲಾಗಲಿಲ್ಲ. 'ರಾಜ' ಎಂಬುದಕ್ಕೆ ಎದುರಾಗಿ 'ಪ್ರಜೆ' ಎಂಬ ಮಾತಿತ್ತು. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಸ್ಥಾಪಿಸಿದ ಸಭೆಗೆ ಪ್ರಜಾಪ್ರತಿನಿಧಿ ಸಭೆಯೆಂಬ ಹೆಸರಿತ್ತು. ಗಣರಾಜ್ಯ ಬಂದಾಗ 'ಪ್ರಜಾಪ್ರಭುತ್ವ' ಎಂದೆವು. ಅರಸನ ಮಗುವಿನಂತಿದ್ದ ಪ್ರಜೆಯೂ ತಾನೇ ಪ್ರಭುವಾದ ಪ್ರಜೆಯೂ ಒಂದೇ ಶಬ್ದದಲ್ಲಿ ಅಡಗಿದರು. ಶಬ್ದವು ಉಳಿದುದರಿಂದ ಅರ್ಥಾಂತರವು ಎಷ್ಟು ದೊಡ್ಡದೆಂಬುದು ಮರೆಯಾಯಿತು.

ಗುಂಡಪ್ಪನವರ ಜೀವಿತದ ಸಾರ್ವಜನಿಕ ಭಾಗವೆಲ್ಲ ಈ ಅರ್ಥಾಂತರದ ಶಿಕ್ಷಣಕ್ಕೆ ಮೀಸಲಾಗಿತ್ತೆಂದರೆ ತಪ್ಪಾಗದು. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದವರಲ್ಲ. ಪತ್ರಿಕೋದ್ಯಮದಿಂದ ಬದುಕಿ, ೧೯೧೩ರಲ್ಲಿ 'ಕರ್ಣಾಟಕ' ಪತ್ರಿಕೆಯನ್ನು ಹೊರಡಿಸಿ, ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ರಾಜ್ಯಾಂಗದಲ್ಲಿ ಯಾವ ಸ್ಥಾನವೆಂಬುದನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು, ೧೯೨೬ರಿಂದ ೧೯೪೦ರವರೆಗೆ ಮೈಸೂರಿನ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ಕಟ್ಟಿದ ಸಂಸ್ಥೆಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರಿಟ್ಟುದು ಆಕಸ್ಮಿಕವಲ್ಲ. ಸಾರ್ವಜನಿಕ ಜೀವನಕ್ಕೆ ಆಧ್ಯಾತ್ಮಿಕ ಸಂಸ್ಕಾರ ಬೇಕೆಂಬುದು ೧೯೦೫ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಖಲೆಯವರ ಧ್ಯೇಯವಾಗಿತ್ತು. ಮತದಾನ, ಪಕ್ಷಪದ್ಧತಿ, ಶಾಸನಸಭೆಯ ಕಾರ್ಯವಿಧಾನ, ತೆರಿಗೆ, ಪೌರಾಡಳಿತ ಮೊದಲಾದ ವಿಷಯಗಳನ್ನು ಪಕ್ಷಾತೀತವಾಗಿ ವಿಚಾರ ಮಾಡುವ ಕಟ್ಟೆಯೊಂದು ಬೇಕು. ಅಧಿಕಾರವನ್ನು ಬಯಸದ, ಆದರೆ ಅಧಿಕಾರವನ್ನು ಕಣ್ಣಿಟ್ಟು ನೋಡುತ್ತಿರುವ ಪ್ರಜೆಗಳು ಬೇಕು: ಇದು ಅವರ ನಿಲುವು. ಅದೇ ಅಧ್ಯಯನ ಗೋಷ್ಠಿಯಲ್ಲಿ ಭಗವದ್ಗೀತೆಯ ಪಾಠವೂ ನಡೆಯಿತು. ರಾಜ್ಯಶಾಸ್ತ್ರ ಮತ್ತು ಗೀತೆ ಇವೆರಡೂ ಒಂದೇ ಜಮಖಾನದ ಮೇಲೆ ಕುಳಿತವು.

ಮಾರುಯಾಮಾನಿಗೂ ಗುಂಡಪ್ಪನವರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಸ್ಪಷ್ಟವಾಗುತ್ತದೆ. ಜಪಾನಿನ ವಿದ್ವಾಂಸನಿಗೆ ಪರಂಪರೆಯೇ ಆರೋಪಿ. ನೀತಿಯ ನಿರ್ಣಯ ರಾಜ್ಯದ ಕೈಗೆ ಹೋದುದರಿಂದ ಅನರ್ಥವಾಯಿತು. ಆದುದರಿಂದ ಸ್ವತಂತ್ರವಾಗಿ ನಿರ್ಣಯಿಸುವ ವ್ಯಕ್ತಿಯನ್ನು ಹೊಸದಾಗಿ ನಿರ್ಮಿಸಬೇಕು. ಗುಂಡಪ್ಪನವರಿಗೆ ಪರಂಪರೆಯು ಸಾಕ್ಷಿ. ರಾಜ್ಯಕ್ಕಿಂತ ಹಿರಿದಾದ ಧರ್ಮವೊಂದಿದೆಯೆಂಬ ಹಳೆಯ ನಂಬಿಕೆಯಿಂದಲೇ ರಾಜ್ಯವನ್ನು ಪ್ರಶ್ನಿಸುವ ಬಲ ಪ್ರಜೆಗೆ ಬರಬೇಕು. ಹಾದಿಗಳು ವಿರುದ್ಧ, ಆದರೆ ಹೊಣೆಗಾರಿಕೆಯನ್ನು ಮೇಲಿನವನಿಗೆ ಒಪ್ಪಿಸಿ ಕೈತೊಳೆದುಕೊಳ್ಳುವವನು ಪ್ರಜಾಪ್ರಭುತ್ವಕ್ಕೆ ಅಯೋಗ್ಯನೆಂಬ ತೀರ್ಮಾನದಲ್ಲಿ ಇಬ್ಬರೂ ಕೂಡುತ್ತಾರೆ. ೧೯೭೦ರಲ್ಲಿ ನಾಡಿನ ಜನ ಗುಂಡಪ್ಪನವರಿಗೆ ಅರ್ಪಿಸಿದ ತೊಂಬತ್ತು ಸಾವಿರ ರೂಪಾಯಿಗಳ ನಿಧಿಯನ್ನು ಅವರು ಸಂಸ್ಥೆಗೇ ಒಪ್ಪಿಸಿದರು. ಸಾರ್ವಜನಿಕ ಹಣದ ವಿಷಯದಲ್ಲಿ ಅವರು ಉಪದೇಶಿಸಿದ್ದು ಬೇರೆ, ನಡೆದದ್ದು ಬೇರೆ ಆಗಿರಲಿಲ್ಲ.

೪

ಶಾಂತಿಯ ಪ್ರಶ್ನೆಗೆ ಬರೋಣ. ೧೮೮೧ರಲ್ಲಿ ಜನಿಸಿದ ವಾಡಿಯಾ ಪಾರ್ಸಿ ಕುಲದವರು. ಯೌವನದಲ್ಲಿ ಅನಿಬೆಸೆಂಟರ ಸಹಕಾರಿ. ೧೯೧೭ರಲ್ಲಿ ಹೋಂ ರೂಲ್ ಚಳವಳಿಗಾಗಿ ಬೆಸೆಂಟ್ ಮತ್ತು ಅರುಂಡೇಲರೊಡನೆ ನಿರ್ಬಂಧಕ್ಕೆ ಒಳಗಾದರು. ೧೯೧೮ರಲ್ಲಿ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರನ್ನು ಕೂಡಿಸಿ ಮದರಾಸ್ ಲೇಬರ್ ಯೂನಿಯನ್ ಕಟ್ಟಿದವರಲ್ಲಿ ಅವರೇ ಅಗ್ರಗಣ್ಯರು. ಭಾರತದ ಕ್ರಮಬದ್ಧ ಕಾರ್ಮಿಕ ಸಂಘಗಳ ಚರಿತ್ರೆ ಅಲ್ಲಿಂದ ತೊಡಗುತ್ತದೆ. ೧೯೨೨ರಲ್ಲಿ ಅವರು ಥಿಯೊಸಾಫಿಕಲ್ ಸೊಸೈಟಿಯನ್ನು ಬಿಟ್ಟರು. ಸಮೂಹ ರಾಜಕೀಯದಿಂದಲೂ ದೂರ ಸರಿದರು. ೧೯೩೦ರಲ್ಲಿ ಮುಂಬಯಿಯಿಂದ 'ದಿ ಆರ್ಯನ್ ಪಾಥ್' ಪತ್ರಿಕೆ ಹೊರಟಿತು. ೧೯೩೩ರಲ್ಲಿ ಸೋಫಿಯಾ ವಾಡಿಯಾ ಲೇಖಕರ ಅಂತರರಾಷ್ಟ್ರೀಯ ಸಂಘವಾದ ಪಿ. ಇ. ಎನ್.ನ ಭಾರತೀಯ ಕೇಂದ್ರವನ್ನು ಸ್ಥಾಪಿಸಿದರು.

ಇಂಥ ಪೂರ್ವವೃತ್ತಾಂತವುಳ್ಳವರು ೧೯೪೫ರಲ್ಲಿ ಬಸವನಗುಡಿಯಲ್ಲಿ ಕಟ್ಟಿದ್ದು ಗ್ರಂಥಾಲಯ, ವಾಚನಾಲಯ, ಉಪನ್ಯಾಸ ಮಂದಿರ ಮತ್ತು ಪ್ರಕಟಣೆಗಳ ಸಂಸ್ಥೆಯನ್ನು. ಮೊದಲು ಅದರ ಹೆಸರಿನಲ್ಲಿ 'ವರ್ಲ್ಡ್' ಎಂಬ ಮಾತಿರಲಿಲ್ಲ. ಅದು ಮುಂದೆ ಸೇರಿತು. ಯುದ್ಧವು ಮನುಷ್ಯರ ಮನಸ್ಸಿನಲ್ಲಿ ಹುಟ್ಟುವುದರಿಂದ ಶಾಂತಿಯ ಕೋಟೆಯೂ ಅಲ್ಲಿಯೇ ಏಳಬೇಕೆಂಬ ತತ್ತ್ವವನ್ನು ೧೯೪೫ರ ನವೆಂಬರಿನಲ್ಲಿ ಯುನೆಸ್ಕೋದ ಸಂವಿಧಾನ ಜಗತ್ತಿನ ಮುಂದಿಟ್ಟಿತು. ಅದಕ್ಕೆ ಮೂರು ತಿಂಗಳ ಮೊದಲೇ ಬಸವನಗುಡಿಯಲ್ಲಿ ಅದೇ ಧೋರಣೆಯ ಕೆಲಸ ಮೊದಲಾಗಿತ್ತು.

ಜಪಾನಿನ ಶಾಂತಿವಾದವೂ ಯುನೆಸ್ಕೋದಿಂದಲೇ ಒಂದು ಪ್ರೇರಣೆಯನ್ನು ಪಡೆಯಿತು. ೧೯೪೮ರಲ್ಲಿ ಯುದ್ಧದ ಕಾರಣಗಳನ್ನು ಕುರಿತು ಯುನೆಸ್ಕೋ ಆಶ್ರಯದಲ್ಲಿ ಕೆಲವು ಸಮಾಜವಿಜ್ಞಾನಿಗಳು ಹೊರಡಿಸಿದ ಹೇಳಿಕೆ 'ಸೆಕಾಯಿ' ಪತ್ರಿಕೆಯ ಮೂಲಕ ಜಪಾನನ್ನು ಮುಟ್ಟಿತು. ಅದನ್ನು ಓದಿದ ವಿದ್ವಾಂಸರು ಶಾಂತಿ ಸಮಸ್ಯೆಗಳ ಗೋಷ್ಠಿಯೊಂದನ್ನು ಕೂಡಿಸಿಕೊಂಡರು. ೧೯೫೦ರ ಆರಂಭದಲ್ಲಿ ಆ ಗೋಷ್ಠಿಯು ಶತ್ರುರಾಷ್ಟ್ರಗಳೆಲ್ಲದರೊಡನೆಯೂ ಸಂಧಿಯಾಗಬೇಕು, ಜಪಾನು ತಟಸ್ಥವಾಗಿರಬೇಕು, ನೆಲದ ಮೇಲೆ ಪರಕೀಯ ಸೇನಾನೆಲೆಗಳು ಇರಕೂಡದು ಎಂದು ಸಾರಿತು. ಟೋಕಿಯೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ನಂಬಾರಾ ಶಿಗೇರು ಸಮಗ್ರ ಸಂಧಿಯ ಪಕ್ಷವನ್ನು ಬಹಿರಂಗವಾಗಿ ಹಿಡಿದಾಗ, ಪ್ರಧಾನಮಂತ್ರಿ ಯೋಶಿದಾ ಅವರನ್ನು ವಿದ್ಯೆಯನ್ನು ಡೊಂಕುಮಾಡಿ ಲೋಕವನ್ನು ಓಲೈಸುವ ಪಂಡಿತರೆಂದು ಮೂದಲಿಸಿದರು. ವಿರೋಧ ಪಕ್ಷದಲ್ಲಿಯೂ ಸಮರ್ಥ ವಿಚಾರವಂತರಿದ್ದರು. ಕೇಯೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕೊಇಜುಮಿ ಶಿನ್ಜೊ, ಸಿಕ್ಕಿದಷ್ಟು ರಾಷ್ಟ್ರಗಳೊಡನೆ ಸಂಧಿ ಮಾಡಿಕೊಳ್ಳದೆ ಕಾಯುವುದೆಂದರೆ ಪರಕೀಯ ಆಕ್ರಮಣದ ಕಾಲವನ್ನು ಬೆಳೆಸುವುದೆಂದು ವಾದಿಸಿದರು. ೧೯೫೪ರಲ್ಲಿ ವಿಮರ್ಶಕ ಫುಕುದಾ ತ್ಸುನೆಅರಿ, ಶಾಂತಿಯ ಮಾತನ್ನಾಡುವ ಪಂಡಿತರು ಎಲ್ಲ ಸ್ಥಳೀಯ ಪ್ರಶ್ನೆಗಳನ್ನೂ ಜಗತ್ತಿನ ಪ್ರಶ್ನೆಯಾಗಿ ಮಾರ್ಪಡಿಸಿ ಯಾವುದಕ್ಕೂ ಉತ್ತರ ಹೇಳದೆ ಉಳಿಯುತ್ತಾರೆಂದು ಆಕ್ಷೇಪಿಸಿದನು. ಈ ಆಕ್ಷೇಪವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬಸವನಗುಡಿಗೂ ಅದು ತಗಲುತ್ತದೆ.

ಈ ವಾಗ್ವಾದದಲ್ಲಿ ಭಾರತದ ನಡವಳಿಕೆಗೆ ಒಂದು ವಿಶೇಷ ಸ್ಥಾನವಿದೆ. ೧೯೫೧ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಂಧಿಗೆ ಸಹಿ ಬಿದ್ದಾಗ ಭಾರತ ಅದರಲ್ಲಿ ಭಾಗವಹಿಸಲಿಲ್ಲ. ಪರಕೀಯ ಸೇನೆ ಜಪಾನಿನಲ್ಲಿ ಉಳಿಯಲು ದಾರಿಯಿದ್ದುದೂ ದ್ವೀಪಗಳ ಸ್ವಾಮ್ಯದ ನಿರ್ಣಯವೂ ನಮ್ಮ ಆಕ್ಷೇಪಗಳಲ್ಲಿ ಸೇರಿದ್ದವು. ೧೯೫೨ರ ಜೂನ್ ೯ರಂದು ಭಾರತವು ಯುದ್ಧಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟು ಜಪಾನಿನೊಡನೆ ಬೇರೆಯಾಗಿಯೇ ಸಂಧಿ ಮಾಡಿಕೊಂಡಿತು. ಕನ್ನಡ ನಾಡಿನ ಮಕ್ಕಳೂ ಪೂರ್ವ ಏಷ್ಯದ ಶಾಂತಿಕಾರ್ಯದಲ್ಲಿ ನೇರವಾಗಿ ತೊಡಗಿದ್ದರು. ಮಂಗಳೂರಿನ ಬೆನೆಗಲ್ ನರಸಿಂಗರಾಯರು ೧೯೫೦ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಸಿಡಿದಾಗ, ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದರು. ಅದೇ ವರ್ಷದ ಕೊನೆಯಲ್ಲಿ ಕದನವಿರಾಮಕ್ಕಾಗಿ ಯತ್ನಿಸಿದ ಮೂವರ ಸಮಿತಿಯಲ್ಲಿ ಒಬ್ಬರಾಗಿದ್ದರು. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಯುದ್ಧ ಮುಗಿದೊಡನೆ ಜಪಾನಿಗೆ ಹೋದ ಭಾರತೀಯ ಬ್ರಿಗೇಡಿನ ನಾಯಕರಾಗಿದ್ದು, ೧೯೫೩ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ವಿ. ಕೃ. ಗೋಕಾಕರು ೧೯೫೭ರಲ್ಲಿ ಜಪಾನಿನಲ್ಲಿ ನಡೆದ ಪಿ. ಇ. ಎನ್. ಸಮ್ಮೇಳನಕ್ಕೆ ಹೋಗಿಬಂದರು, ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು.

ಈಗ ಎರಡು ಬಡಾವಣೆಗಳನ್ನು ಹೋಲಿಸೋಣ. ಟೋಕಿಯೋ ನಗರದ ಪಶ್ಚಿಮಕ್ಕೆ ಸುಗಿನಾಮಿ ಎಂಬ ವಾಸದ ವಾರ್ಡು ಇದೆ. ಅಲ್ಲಿಯೂ ಮಧ್ಯಮ ವರ್ಗದವರ ಮನೆಗಳು. ಅಲ್ಲಿಯೂ ಒಂದು ಸಾರ್ವಜನಿಕ ಸಭಾಗೃಹ, ಅದರೊಳಗೆ ಪುಸ್ತಕ ಓದುವ ಗೃಹಿಣಿಯರ ಗೋಷ್ಠಿ. ಗೋಷ್ಠಿಯನ್ನು ನಡೆಸುತ್ತಿದ್ದವರು ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಅಧ್ಯಾಪಕ ಯಾಸುಯಿ ಕಾವೊರು. ೧೯೫೪ರ ಮಾರ್ಚ್ ೧ರಂದು ಅಮೆರಿಕವು ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿತು. ಜಪಾನಿನ ಮೀನುದೋಣಿಯೊಂದರ ಮೇಲೆ ವಿಷಭಸ್ಮ ಸುರಿಯಿತು. ಮಾರುಕಟ್ಟೆಗೆ ಬಂದ ಮೀನಿನ ಮೇಲೆ ಜನರಿಗೆ ಭಯ ಹುಟ್ಟಿತು. ಮೇ ತಿಂಗಳಲ್ಲಿ ಸುಗಿನಾಮಿಯ ಆ ಸಭಾಗೃಹವು ಬಾಂಬು ನಿಷೇಧಕ್ಕಾಗಿ ಸಹಿ ಸಂಗ್ರಹಿಸುವ ಚಳವಳಿಗೆ ಕೇಂದ್ರವಾಯಿತು. ಮುಂದಿನ ವರ್ಷದ ಆಗಸ್ಟ್ ವೇಳೆಗೆ ದೇಶದಾದ್ಯಂತ ಮೂರು ಕೋಟಿಗೂ ಮಿಕ್ಕ ಸಹಿಗಳು ಕೂಡಿದ್ದವು. ಹಿರೋಶಿಮಾದಲ್ಲಿ ಪರಮಾಣು ಅಸ್ತ್ರಗಳ ವಿರುದ್ಧ ಪ್ರಥಮ ಜಾಗತಿಕ ಸಮ್ಮೇಳನ ನಡೆಯಿತು.

ಬಸವನಗುಡಿಯಲ್ಲಿಯೂ ಸಭಾಗೃಹವಿತ್ತು, ಗ್ರಂಥಾಲಯವಿತ್ತು, ಓದುವ ಸ್ತ್ರೀಪುರುಷರಿದ್ದರು. ಆದರೆ ಇಲ್ಲಿಂದ ಮೂರು ಕೋಟಿ ಸಹಿಗಳು ಹೊರಡಲಿಲ್ಲ. ಕಾರಣವು ನಮ್ಮ ಜನರ ಉದಾಸೀನವೆಂದು ಹೇಳಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಸುಗಿನಾಮಿಯ ಗೃಹಿಣಿಗೆ ಬಾಂಬು ಅಡಿಗೆಮನೆಯ ಮೀನಿನೊಡನೆ ಬಂದ ವಿಷಯ. ಬಸವನಗುಡಿಯ ಶ್ರೋತೃವಿಗೆ ಅದು ವಿಚಾರದ ವಿಷಯ. ಅವನ ಅಡಿಗೆಮನೆಯ ಚಿಂತೆ ಪಡಿತರದ ಅಕ್ಕಿ. ಸಂಕಟದಿಂದ ಹುಟ್ಟಿದ ಚಿಂತನೆಗೂ ಸದ್ಭಾವದಿಂದ ಹುಟ್ಟಿದ ಚಿಂತನೆಗೂ ವೇಗದಲ್ಲಿ ಅಂತರವಿರುತ್ತದೆ. ಎರಡನೆಯ ಕಾರಣವು ವಾಡಿಯಾ ಅವರ ಜೀವನದಲ್ಲಿಯೇ ಇದೆ. ಸಮೂಹ ಚಳವಳಿಯನ್ನು ಕಂಡು, ನಡೆಸಿ, ಬಿಟ್ಟುಬಂದವರು ಅವರು. ಮನುಷ್ಯನ ಅಂತರಂಗ ಬದಲಾಗದೆ ಬಹಿರಂಗದ ಚಳವಳಿ ನಿಲ್ಲದೆಂಬ ನಂಬಿಕೆಯಿಂದಲೇ ಅವರು ಸಂಸ್ಥೆಯನ್ನು ಕಟ್ಟಿದರು. ಆದುದರಿಂದ ಸಂಸ್ಥೆಯ ಶಾಂತತೆಯು ಅದರ ಲೋಪವಲ್ಲ, ಆಯ್ಕೆ. ಆಯ್ಕೆಗೂ ಬೆಲೆ ತೆರಬೇಕಾಗುತ್ತದೆಂಬುದು ಬೇರೆ ಮಾತು.

ದಕ್ಷಿಣ ಭಾರತದ ಈ ವಲಯದಿಂದ ಪರಮಾಣುವಿನ ವಿರುದ್ಧ ಕ್ರಿಯೆ ಏನೂ ಹೊರಡಲಿಲ್ಲವೆಂದೂ ಹೇಳಲಾಗದು. ೧೯೬೨ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನವು ದಿಲ್ಲಿಯಲ್ಲಿ ಅಣ್ವಸ್ತ್ರ ವಿರೋಧಿ ಸಮಾವೇಶವನ್ನು ನಡೆಸಿತು. ಅದರ ತರುವಾಯ ಸೆಪ್ಟೆಂಬರಿನಲ್ಲಿ ಮೂವರ ನಿಯೋಗ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡು, ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿತು. ನಿಯೋಗದ ನಾಯಕರು ಜಯನಗರಕ್ಕೆ ಅಸ್ತಿಭಾರವಿಟ್ಟ ಅದೇ ರಾಜಾಜಿ; ಜೊತೆಗೆ ಧಾರವಾಡದ ರಂಗರಾವ್ ದಿವಾಕರರು ಮತ್ತು ಮಂಗಳೂರಿನ ಬೆನೆಗಲ್ ಶಿವರಾಯರು. ಶಿವರಾಯರು ಬೆಸೆಂಟರ ವಲಯದಲ್ಲಿ ಬೆಳೆದು ಮದರಾಸಿನ ಕಾರ್ಮಿಕ ಚಳವಳಿಯಲ್ಲಿ ದುಡಿದವರು. ವಾಡಿಯಾ ತೊಡಗಿಸಿದ ಕೆಲಸದ ಉತ್ತರಾಧಿಕಾರಿಗಳಲ್ಲಿ ಒಬ್ಬರು. ಮೂವರಲ್ಲಿ ಇಬ್ಬರು ಕನ್ನಡ ನಾಡಿನವರು. ಮರುವರ್ಷ ಆಂಶಿಕ ಪರೀಕ್ಷಾನಿಷೇಧ ಒಪ್ಪಂದವಾಯಿತು. ಅದರ ಕೀರ್ತಿಯನ್ನು ಈ ಮೂವರಿಗೆ ಕಟ್ಟುವುದು ಚರಿತ್ರೆಯಲ್ಲ. ಆದರೆ ಅವರು ಹೋದದ್ದು ಚರಿತ್ರೆ.

೫

ಮೂರನೆಯ ವಿಷಯ ವಿದ್ಯೆ. ಜಪಾನಿನ ಶಾಲೆಗಳಲ್ಲಿ ೧೮೯೦ರ ಚಕ್ರವರ್ತಿಯ ಶಿಕ್ಷಣಾದೇಶವನ್ನು ದೇವರ ಮಾತಿನಂತೆ ಓದಲಾಗುತ್ತಿತ್ತು. ರಾಜ್ಯಕ್ಕೆ ಆಪತ್ತು ಬಂದಾಗ ಧೈರ್ಯದಿಂದ ಪ್ರಾಣವನ್ನು ಒಪ್ಪಿಸಬೇಕೆಂದು ಮಕ್ಕಳು ಅದರಿಂದ ಕಲಿತರು. ೧೯೪೭ರ ಮಾರ್ಚಿಯ ಶಿಕ್ಷಣ ಮೂಲ ಶಾಸನವು ಅದರ ಸ್ಥಾನದಲ್ಲಿ ವ್ಯಕ್ತಿತ್ವದ ಪೂರ್ಣ ವಿಕಾಸವನ್ನು ಗುರಿಯಾಗಿಟ್ಟಿತು. ೧೯೪೮ರಲ್ಲಿ ಜಪಾನಿನ ಸಂಸತ್ತು ಹಳೆಯ ಆದೇಶವನ್ನು ರದ್ದುಮಾಡಿತು. ತಮ್ಮ ಶಿಷ್ಯರನ್ನು ಇನ್ನೆಂದೂ ರಣರಂಗಕ್ಕೆ ಕಳುಹಿಸೆವೆಂದು ಉಪಾಧ್ಯಾಯರ ಸಂಘ ೧೯೫೧ರಲ್ಲಿ ಸಾರಿತು. ಆದರೆ ಗೆದ್ದ ನೆಲವನ್ನು ಕಾಯಬೇಕಾಯಿತು. ಚುನಾಯಿತವಾಗಿದ್ದ ಶಿಕ್ಷಣ ಮಂಡಲಿಗಳು ೧೯೫೬ರಲ್ಲಿ ನೇಮಕದ ಮಂಡಲಿಗಳಾದವು. ಪಠ್ಯಪುಸ್ತಕಗಳನ್ನು ಸರ್ಕಾರ ಪರಿಶೀಲಿಸಿ ತಿದ್ದಿಸುವ ಕ್ರಮ ಬಿಗಿಯಾಯಿತು. ಇತಿಹಾಸಕಾರ ಇಯೆನಾಗಾ ಸಬುರೊ ೧೯೬೫ರಲ್ಲಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದನು. ಅವನ ವ್ಯಾಜ್ಯಗಳು ೧೯೯೭ರವರೆಗೆ ಮೂವತ್ತೆರಡು ವರ್ಷ ನಡೆದವು. ಇತಿಹಾಸವನ್ನು 'ಪರೀಕ್ಷೆಗಾಗಿ' ಓದುವ ನಮ್ಮ ವಿದ್ಯಾರ್ಥಿಗಳು ಈ ಒಂದು ಸಂಗತಿಯನ್ನು ಮನನ ಮಾಡಬೇಕು: ಪಠ್ಯಪುಸ್ತಕದ ಕೆಲವು ವಾಕ್ಯಗಳಿಗಾಗಿ ಒಬ್ಬ ಉಪಾಧ್ಯಾಯನು ತನ್ನ ಜೀವಿತದ ಮೂರನೆಯ ಒಂದು ಭಾಗವನ್ನು ವೆಚ್ಚಮಾಡಿದನು.

ಬಸವನಗುಡಿಯ ನ್ಯಾಷನಲ್ ವಿದ್ಯಾಸಂಸ್ಥೆಗಳ ಮೂಲವು ೧೯೧೭ರಲ್ಲಿದೆ. ಅದು ಬೆಸೆಂಟರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಕಾಲ. ೧೯೪೫ರಲ್ಲಿ ಕಾಲೇಜು ಹುಟ್ಟಿದ ಮರುವರ್ಷ ಭೌತವಿಜ್ಞಾನದ ಉಪನ್ಯಾಸಕರಾಗಿ ಬಂದವರು ಹೊಸೂರು ನರಸಿಂಹಯ್ಯನವರು. ಗೌರಿಬಿದನೂರು ಸೀಮೆಯ ಬಡಕುಟುಂಬದಲ್ಲಿ ಹುಟ್ಟಿ, ಇಲ್ಲಿಯದೇ ಹೈಸ್ಕೂಲಿನಲ್ಲಿ ಓದಿ, ೧೯೪೨ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದ ತರುಣ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ೧೯೬೦ರಲ್ಲಿ ಹಿಂದಿರುಗಿ, ೧೯೬೧ರಲ್ಲಿ ಪ್ರಿನ್ಸಿಪಾಲರಾದರು. ಖಾದಿಯ ಪಂಚೆ, ಜುಬ್ಬ, ಟೋಪಿ. ವಾಸ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನವನ್ನು ಪ್ರಯೋಗಶಾಲೆಯಿಂದ ಸಾರ್ವಜನಿಕರ ಮುಂದಕ್ಕೆ ತಂದಿತು. ಯಾರೇ ಹೇಳಲಿ, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ಬೋಧನೆಯ ಸಾರ.

ರಾಜಾಜಿಯವರ ನಿಯೋಗವೂ ಸೈನ್ಸ್ ಫೋರಂ ಎರಡೂ ೧೯೬೨ರವೇ. ಪರಮಾಣುವಿನ ವಿದ್ಯೆಯನ್ನು ಕಲಿತ ಗಾಂಧೀವಾದಿಯೊಬ್ಬನು ಆ ವಿದ್ಯೆಯಿಂದ ಅಸ್ತ್ರವನ್ನಾಗಲಿ ಪದವಿಯನ್ನಾಗಲಿ ಬಯಸದೆ, ಬೀದಿಯ ಜನರಿಗೆ ವಿಚಾರಶಕ್ತಿಯನ್ನು ಹಂಚಲು ತೊಡಗಿದುದು ಹಿರೋಶಿಮಾಕ್ಕೆ ಬಸವನಗುಡಿ ಕೊಟ್ಟ ಉತ್ತರಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ. ಆ ಉತ್ತರದ ಬಿಸಿ ಆಳುವವರಿಗೂ ನಂಬುವವರಿಗೂ ತಟ್ಟಿತು. ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯನ್ನು ನೇಮಿಸಿದಾಗ ದೇಶದಾದ್ಯಂತ ವಾದವಿವಾದವೆದ್ದಿತು. ವಿಶ್ವವಿದ್ಯಾನಿಲಯಕ್ಕೆ ಇದು ತಕ್ಕ ಕೆಲಸವೇ ಎಂದು ಕೇಳಿದವರಿದ್ದರು. ಪ್ರಶ್ನಿಸುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲದಿದ್ದರೆ ಮತ್ತಾರ ಕೆಲಸ ಎಂಬುದೇ ಅದಕ್ಕೆ ಉತ್ತರವಾಗಬಲ್ಲದು.

ಗುಂಡಪ್ಪನವರ ಗೀತೆಯ ತರಗತಿಗೂ ನರಸಿಂಹಯ್ಯನವರ ಪ್ರಶ್ನೆಗಳಿಗೂ ನಡುವೆ ಅಂತರವಿಲ್ಲವೇ? ಇದೆ, ಅದನ್ನು ಮುಚ್ಚುವ ಅಗತ್ಯವಿಲ್ಲ. ಒಬ್ಬರು ಶ್ರದ್ಧೆಯನ್ನು ಶೋಧಿಸಿ ಉಳಿಸಿಕೊಳ್ಳಬೇಕೆಂದರು, ಮತ್ತೊಬ್ಬರು ಶೋಧನೆಯನ್ನೇ ಶ್ರದ್ಧೆಯಾಗಿ ಮಾಡಿಕೊಂಡರು. ಇವೆರಡೂ ಒಂದೇ ರಸ್ತೆಯ ಆಚೀಚೆ ಕಡೆಗಳಲ್ಲಿ, ಪರಸ್ಪರ ಬಾಯಿ ಮುಚ್ಚಿಸದೆ ದಶಕಗಳ ಕಾಲ ಬಾಳಿದವೆಂಬುದೇ ಇಲ್ಲಿ ಇತಿಹಾಸಕಾರನಿಗೆ ಮುಖ್ಯ.

೬

ಕೊನೆಯದಾಗಿ ಮೌಲ್ಯನಿರ್ಣಯ. ಫುಕುದಾನ ಆಕ್ಷೇಪವನ್ನು ಈಗ ನಮ್ಮ ಮೇಲೆ ತಿರುಗಿಸಿಕೊಳ್ಳೋಣ. ಜಗತ್ತಿನ ಶಾಂತಿಯನ್ನು ಚರ್ಚಿಸಿದ ಬಸವನಗುಡಿಯು ತನ್ನ ಹಿತ್ತಿಲ ಪ್ರಶ್ನೆಗಳನ್ನು ಎಷ್ಟರಮಟ್ಟಿಗೆ ಚರ್ಚಿಸಿತು? ಮದರಾಸಿನಲ್ಲಿ ವಾಡಿಯಾ ಎದುರಿಸಿದ ಗಿರಣಿಗಳ ಒಡೆಯರು ಬಿನ್ನಿ ಕಂಪೆನಿಯವರು. ಅದೇ ಕಂಪೆನಿಯ ದೊಡ್ಡ ಗಿರಣಿಯೊಂದು ಬೆಂಗಳೂರಿನಲ್ಲಿಯೂ ಇತ್ತು, ಬಸವನಗುಡಿಯಿಂದ ಕೆಲವೇ ಮೈಲಿಗಳ ದೂರದಲ್ಲಿ. ಆದರೆ ವಾಡಿಯಾ ಅವರ ಸಂಸ್ಥೆಯ ಪ್ರಕಟಣೆಗಳ ಭಾಷೆ ಇಂಗ್ಲಿಷ್. ಗಿರಣಿಯ ಕೆಲಸಗಾರನಿಗೆ ಆ ಮೆಟ್ಟಿಲು ಎತ್ತರವಾಯಿತು. ಗುಂಡಪ್ಪನವರು ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿಯೂ ಬರೆದು ಈ ಕೊರತೆಯನ್ನು ತುಂಬಲು ಯತ್ನಿಸಿದರು. ಅವರ ಕನ್ನಡವೂ ಓದಿದವರ ಕನ್ನಡವೇ. ಮೇಲುಜಾತಿಗಳ ವಿದ್ಯಾವಂತರು ಹೆಚ್ಚಾಗಿ ನೆಲೆಸಿದ ಬಡಾವಣೆಯಲ್ಲಿ ಹುಟ್ಟಿದ ಈ ಗೋಷ್ಠಿಗಳಲ್ಲಿ ದಲಿತರ, ಕೂಲಿಕಾರರ ಅನುಭವವು ಪ್ರಶ್ನೆಯಾಗಿ ಬಂದಿರಬಹುದು, ಪ್ರಶ್ನಿಸುವವನಾಗಿ ಬಂದುದು ಅಪರೂಪ. ಸುಗಿನಾಮಿಯಲ್ಲಿ ಗೃಹಿಣಿಯರು ವೇದಿಕೆಯ ಕೆಳಗಿನಿಂದ ಎದ್ದು ಚಳವಳಿಯನ್ನು ಕೈಗೆ ತೆಗೆದುಕೊಂಡರು. ನಮ್ಮಲ್ಲಿ ವೇದಿಕೆಗೂ ಚಾಪೆಗೂ ಇದ್ದ ಅಂತರ ಹಾಗೆಯೇ ಉಳಿಯಿತು.

ಆದರೆ ಮತ್ತೊಂದು ಪಕ್ಷವನ್ನೂ ಹೇಳಬೇಕು. ಜಪಾನಿನ ವಿಚಾರವಂತರ ಶಕ್ತಿಯು ೧೯೬೦ರ ಭದ್ರತಾ ಒಪ್ಪಂದದ ವಿರೋಧಿ ಚಳವಳಿಯಲ್ಲಿ ಶಿಖರವನ್ನು ಮುಟ್ಟಿತು. ಲಕ್ಷಾಂತರ ಜನ ಸಂಸತ್ತನ್ನು ಸುತ್ತುವರಿದರು. ಒಪ್ಪಂದ ಮಾತ್ರ ಊರ್ಜಿತವಾಯಿತು. ಪರಮಾಣು ವಿರೋಧಿ ಸಂಘಟನೆಯೂ ಪಕ್ಷಭೇದದಿಂದ ೧೯೬೦ರ ದಶಕದಲ್ಲಿ ಒಡೆಯಿತು. ೧೯೪೭ರ ಶಿಕ್ಷಣ ಶಾಸನವನ್ನೇ ೨೦೦೬ರಲ್ಲಿ ತಿದ್ದಲಾಯಿತು. ದೊಡ್ಡ ಅಲೆಗೆ ದೊಡ್ಡ ಇಳಿತವೂ ಇದೆ. ಬಸವನಗುಡಿಯ ವೇದಿಕೆಗಳು ಅಲೆಯಾಗಲಿಲ್ಲ, ಬಾವಿಯಾದವು. ವಾಡಿಯಾ ೧೯೫೮ರಲ್ಲಿ, ಗುಂಡಪ್ಪನವರು ೧೯೭೫ರಲ್ಲಿ, ನರಸಿಂಹಯ್ಯನವರು ೨೦೦೫ರಲ್ಲಿ ತೀರಿಕೊಂಡರು. ಮೂರು ಸಂಸ್ಥೆಗಳೂ ಸ್ಥಾಪಕರನ್ನು ಮೀರಿ ಉಳಿದಿವೆ. ಬಾವಿಯಿಂದ ಪ್ರವಾಹ ಬರುವುದಿಲ್ಲ. ಸೇದುವವನಿಗೆ ಮಾತ್ರ ನೀರು ಸಿಗುತ್ತದೆ. ಹಗ್ಗ ಗಿಡ್ಡವಾಗಿದ್ದರೆ ಅದು ಬಾವಿಯ ದೋಷವೂ ಅಲ್ಲ.

ಮಾರುಯಾಮಾನ ತಲೆಮಾರು ಯುದ್ಧಕಾಲದಲ್ಲಿ ತಾವು ಮೌನವಾಗಿದ್ದೆವೆಂಬ ಪಶ್ಚಾತ್ತಾಪದಿಂದ ಮಾತನಾಡಿತು. ಬಸವನಗುಡಿಯ ತಲೆಮಾರಿಗೆ ಅಂಥ ಪಶ್ಚಾತ್ತಾಪದ ಕಾರಣವಿರಲಿಲ್ಲ. ಮುಂದೆ ಪಶ್ಚಾತ್ತಾಪ ಪಡುವಂತಾಗಬಾರದೆಂಬ ಎಚ್ಚರದಿಂದ ಅದು ಮಾತನಾಡಿತು. ಆ ಎಚ್ಚರದ ಅಗತ್ಯ ತೀರಿಲ್ಲವೆಂದು ನಾವು ಬಲ್ಲೆವು. ಜಯನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೂ ಅವರಿಗೆ ಪಾಠ ಹೇಳುವ ನಮಗೂ ಈ ಮೂರು ಬಾಗಿಲುಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಇತಿಹಾಸವನ್ನು ಗ್ರಂಥದಲ್ಲಿ ಅರಸುವ ಮೊದಲು ಒಂದು ಸಂಜೆ ಅಲ್ಲಿಗೆ ಹೋಗಿ ಕೂರುವುದು ಒಳ್ಳೆಯದು. ಉಪನ್ಯಾಸ ಮುಗಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳುವುದು ಇನ್ನೂ ಒಳ್ಳೆಯದು.